ಗಡ್ಡೆಯ ಎಂಜಲು ಮತ್ತು ಪಕ್ಕದ ತಟ್ಟೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ ಇದು. ಪರದೆ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಚಿತ್ರ ನೋಡಿ. ಎರಡು ಪ್ಲಾಸ್ಟಿಕ್ ತಟ್ಟೆಗಳಿವೆ. ನಾಲ್ಕು ದಿನದ ಹಿಂದೆ ಎರಡಕ್ಕೂ ಲೆಕ್ಕ ಹಾಕಿ ರಕ್ತನಾಳದ ಒಳಗೋಡೆಯ ಕೋಶಗಳನ್ನು ಒಂದೇ ಪ್ರಮಾಣದಲ್ಲಿ ಬಿಟ್ಟಿದ್ದೆವು. ಎಡಗಡೆ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ, ನಡುವೆ ಬರೀ ಖಾಲಿ ಜಾಗ. ಬಲಗಡೆ ತಟ್ಟೆಯಲ್ಲಿ ಕಲ್ಲು ಹಾಸಿದ ಅಂಗಳದ ಹಾಗೆ ಕೋಶಗಳು ಒತ್ತೊತ್ತಾಗಿ ಕೂತಿವೆ. ಬಲಗಡೆಯದಕ್ಕೆ ನಾವು ಹೆಚ್ಚಿಗೆ ಹಾಕಿದ್ದು ಒಂದೇ ಒಂದು ದ್ರವ. ಬೇರೆ ತಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆಯ ಕೋಶಗಳು ಎರಡು ದಿನ ಉಂಡು ಬಿಟ್ಟ ಮೀಡಿಯಂ, ಅಂದರೆ ಕೋಶ ಬೆಳೆಸಲು ಹಾಕುವ ಪೋಷಕ ದ್ರವ, ಅದು. ಲ್ಯಾಬ್‌ನಲ್ಲಿ ಅದಕ್ಕೆ ಕಂಡೀಷನ್ಡ್ ಮೀಡಿಯಂ ಅಂತಾರೆ. ನಾನು ಅದನ್ನು ಗಡ್ಡೆಯ ಎಂಜಲು ಅಂತಲೇ ಕರೆಯುತ್ತೇನೆ. ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ.

ಎಲ್ಲರ ಕಣ್ಣೂ ಬಲಗಡೆ ತಟ್ಟೆಗೆ ಹೋಗುತ್ತೆ, ಅಲ್ವಾ? ನಾನು ಇವತ್ತು ಎಡಗಡೆ ತಟ್ಟೆಯ ಪರ ವಕಾಲತ್ತು ವಹಿಸಲು ಬಂದಿದ್ದೇನೆ. ಗಡ್ಡೆ ರಕ್ತನಾಳಗಳನ್ನು ಹೇಗೆ ಕರೆಸಿಕೊಳ್ಳುತ್ತದೆ ಅನ್ನುವ ಕಥೆಯಲ್ಲಿ ನಮ್ಮನ್ನು ತಿದ್ದಿದ್ದು ಹೆಚ್ಚಾಗಿ ಅದೇ.

ಕರೆಸಿಕೊಳ್ಳುವ ಅಗತ್ಯವಾದರೂ ಏನು? ರಕ್ತನಾಳದಿಂದ ಹೊರಬಿದ್ದ ಆಮ್ಲಜನಕ ಹೆಚ್ಚು ದೂರ ಹೋಗುವುದಿಲ್ಲ. 100ರಿಂದ 200 ಮೈಕ್ರಾನ್, ಅಂದರೆ ಒಂದೆರಡು ತಲೆಕೂದಲಿನ ದಪ್ಪ, ಅಷ್ಟೇ. ಅದಕ್ಕಿಂತ ದೂರದಲ್ಲಿರುವ ಕೋಶಕ್ಕೆ ಉಸಿರು ಕಟ್ಟುತ್ತದೆ. ಹಾಗಾಗಿ ಗಡ್ಡೆ ಎಷ್ಟೇ ಹಟಮಾರಿಯಾದರೂ ಹೊಸ ರಕ್ತನಾಳ ಬರದೆ ಒಂದೆರಡು ಮಿಲಿಮೀಟರ್ ದಾಟುವುದು ಕಷ್ಟ.

ಇದನ್ನು ಒಬ್ಬರು ಕಣ್ಣಾರೆ ಕಂಡದ್ದು ಬೇರೇನೋ ಹುಡುಕುತ್ತಿದ್ದಾಗ. 1960ರ ದಶಕದ ಶುರು. ಬೆಥೆಸ್ಡಾದಲ್ಲಿದ್ದ ಅಮೆರಿಕದ ನೌಕಾಪಡೆಯ ವೈದ್ಯಕೀಯ ಕೇಂದ್ರದಲ್ಲಿ ಜೂಡಾ ಫೋಕ್‌ಮನ್ ಅನ್ನುವ ಯುವ ಸರ್ಜನ್ ಇದ್ದರು. ಜೊತೆಗೆ ಫ್ರೆಡರಿಕ್ ಬೆಕರ್. ರಕ್ತದ ಬದಲು ಬಳಸಬಹುದಾದ ದ್ರವವೊಂದನ್ನು ತಯಾರಿಸುವುದು ಅವರಿಗೆ ವಹಿಸಿದ್ದ ಕೆಲಸ. ದೇಹದಿಂದ ಹೊರತೆಗೆದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಕೋಣೆಯಲ್ಲಿಟ್ಟು, ಆ ದ್ರವವನ್ನೇ ಅದರೊಳಗೆ ಹರಿಸಿ ಬದುಕಿಸಿಟ್ಟಿದ್ದರು. ಈ ದ್ರವದಲ್ಲಿ ಏನಾದರೂ ಬೆಳೆಯುತ್ತಾ ನೋಡೋಣ ಅಂತ ಇಲಿಯ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನ ಕೋಶಗಳನ್ನು ಗ್ರಂಥಿಗೆ ಸೇರಿಸಿದರು. ಗಡ್ಡೆಗಳು ಬೆಳೆದವು. ಒಂದೆರಡು ಮಿಲಿಮೀಟರ್ ಆದ ಮೇಲೆ ಎಲ್ಲವೂ ಒಂದೇ ಅಳತೆಗೆ ನಿಂತುಬಿಟ್ಟವು. ಸತ್ತವೇನೋ ಅಂದುಕೊಂಡರೆ ಇಲ್ಲ. ಅವನ್ನೇ ತೆಗೆದು ಇಲಿಗೆ ಕಸಿ ಮಾಡಿದಾಗ ಭರಭರ ಬೆಳೆದವು. ಇಲಿಯಲ್ಲಿ ಹೊಸ ರಕ್ತನಾಳಗಳು ಚಿಗುರಿದ್ದವು, ಗಾಜಿನ ಕೋಣೆಯ ಗ್ರಂಥಿಯಲ್ಲಿ ಚಿಗುರಿರಲಿಲ್ಲ.

ಗಡ್ಡೆಯ ಸುತ್ತ ರಕ್ತನಾಳ ಜಾಸ್ತಿ ಇರುತ್ತದೆ ಅನ್ನುವುದು ಹೊಸ ಸಂಗತಿಯೇನಲ್ಲ. ಮೊಲದ ಕಿವಿಗೆ ಪಾರದರ್ಶಕ ಕಿಟಕಿ ಕೂರಿಸಿ 1939ರಲ್ಲೇ ಅದನ್ನು ನೋಡಿದ್ದರು. ಜಗಳ ಇದ್ದದ್ದು ಕಾರಣದ ಬಗ್ಗೆ. ಅದು ಬರೀ ಉರಿಯೂತ, ಸತ್ತ ಕೋಶಗಳಿಗೆ ದೇಹ ತೋರಿಸುವ ಪ್ರತಿಕ್ರಿಯೆ ಅಂತ ಬಹಳ ಜನ ನಂಬಿದ್ದರು. ಗಡ್ಡೆಯೇ ಏನನ್ನೋ ಕಳಿಸುತ್ತಿರಬಹುದೇ? 1968ರಲ್ಲಿ ಗ್ರೀನ್‌ಬ್ಲಾಟ್ ಮತ್ತು ಶೂಬಿಕ್ ಹ್ಯಾಮ್‌ಸ್ಟರ್‌ನ ಕೆನ್ನೆಯ ಚೀಲದಲ್ಲಿ ಗಡ್ಡೆಯ ತುಣುಕಿಟ್ಟು, ನಡುವೆ ಸಣ್ಣ ರಂಧ್ರಗಳ ಫಿಲ್ಟರ್ ಹಾಕಿದರು. ಕೋಶ ದಾಟಲಾಗದ ಫಿಲ್ಟರ್ ಅದು. ಆದರೂ ಆಚೆ ಬದಿಯಲ್ಲಿ ರಕ್ತನಾಳಗಳು ಬೆಳೆದವು. ಅಂದರೆ ದಾಟಿದ್ದು ಕೋಶವಲ್ಲ, ಕರಗಿದ ಯಾವುದೋ ವಸ್ತು. 1971ರಲ್ಲಿ ಫೋಕ್‌ಮನ್ ತಂಡ ಗಡ್ಡೆಯಿಂದ ಅಂಥ ಒಂದು ಸಾರ ತೆಗೆದು ಅದಕ್ಕೆ ಟ್ಯೂಮರ್ ಆಂಜಿಯೋಜೆನೆಸಿಸ್ ಫ್ಯಾಕ್ಟರ್, ಅಂದರೆ ರಕ್ತನಾಳ ಬರಿಸುವ ಗಡ್ಡೆಯ ವಸ್ತು, ಅಂತ ಹೆಸರಿಟ್ಟಿತು. ಹೆಸರು ಸಿಕ್ಕಿತು. ವಸ್ತು ಇನ್ನೂ ಶುದ್ಧವಾಗಿರಲಿಲ್ಲ.

ಇಲ್ಲಿಂದ ಮುಂದೆ ತಟ್ಟೆ ಬೇಕೇ ಬೇಕಾಯಿತು. ಪ್ರಾಣಿಯೊಳಗೆ ಪ್ರಯೋಗ ಮಾಡಿದರೆ ಉರಿಯೂತದ ಜಗಳ ಮುಗಿಯುವುದೇ ಇಲ್ಲ. ಅಲ್ಲಿ ಬಿಳಿ ರಕ್ತಕಣ ಇದೆ, ಗಾಯ ಇದೆ, ಇನ್ನೇನೇನೋ ಇದೆ. ರಕ್ತನಾಳದ ಒಳಗೋಡೆಯ ಕೋಶಗಳನ್ನಷ್ಟೇ ಬೇರೆ ಮಾಡಿ ಬೆಳೆಸಲು ಬಂದರೆ ನೇರವಾಗಿ ಅವನ್ನೇ ಕೇಳಬಹುದು. ಇವಕ್ಕೆ ಎಂಡೋಥೀಲಿಯಲ್ ಕೋಶ ಅನ್ನುತ್ತಾರೆ. ನಾನು ಒಳಪದರದ ಕೋಶ ಅಂತೀನಿ. ಅತಿ ಸಣ್ಣ ರಕ್ತನಾಳ, ಅಂದರೆ ಲೋಮನಾಳ, ಹೆಚ್ಚುಕಡಿಮೆ ಈ ಒಂದು ಪದರದಿಂದಲೇ ಆದ ಕೊಳವೆ. ವಯಸ್ಕರ ದೇಹದಲ್ಲಿ ಈ ಕೋಶಗಳು ವಿಭಜನೆಯಾಗುವುದು ತೀರಾ ಅಪರೂಪ. ತೆಪ್ಪಗೆ ಮಲಗಿರುತ್ತವೆ. ಗಡ್ಡೆ ಎಬ್ಬಿಸುವುದು ಇವನ್ನೇ.

ಇವನ್ನು ಪಡೆಯುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಏಕೆಂದರೆ ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಅದು. ಹೆರಿಗೆಯಾದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿ ಬೇಕು. ಅದರಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ. ಕತ್ತರಿಸಿದ ತುದಿ ನೋಡಿದರೆ ಅಭಿಧಮನಿಯ ಬಾಯಿ ಅಗಲವಾಗಿ ಸಡಿಲವಾಗಿ ಕಾಣುತ್ತದೆ. ಅದಕ್ಕೆ ಸಣ್ಣ ಕೊಳವೆ ತೂರಿಸಿ ದಾರದಿಂದ ಬಿಗಿಯಬೇಕು. ಉಪ್ಪುನೀರು ಹಾಯಿಸಿ ರಕ್ತ ತೊಳೆಯಬೇಕು. ಆಮೇಲೆ ಕೊಲಾಜಿನೇಸ್ ಅನ್ನುವ ಕಿಣ್ವ ತುಂಬಿಸಿ, ಎರಡೂ ಕಡೆ ಮುಚ್ಚಿ, ದೇಹದ ಶಾಖದಲ್ಲಿ ಹತ್ತು ಹದಿನೈದು ನಿಮಿಷ ಬಿಡಬೇಕು. ಜಾಸ್ತಿ ಬಿಟ್ಟರೆ ಕೆಳಗಿನ ಸ್ನಾಯು ಕೋಶಗಳೂ ಎದ್ದುಬರುತ್ತವೆ. ಕಡಿಮೆ ಬಿಟ್ಟರೆ ಏನೂ ಬರುವುದಿಲ್ಲ. ಬಳ್ಳಿಯನ್ನು ಬೆರಳಲ್ಲಿ ಮೆಲ್ಲಗೆ ನೀವಿ ಒಳಗಿನ ದ್ರವವನ್ನು ಹರಿಸಿಕೊಂಡು, ಜೆಲಾಟಿನ್ ಸವರಿದ ತಟ್ಟೆಗೆ ಹಾಕಿದರೆ ಆಯಿತು. ಮಾರನೇ ದಿನ ಬೆಳಿಗ್ಗೆ ಕೆಂಪು ರಕ್ತಕಣಗಳನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಳಕ್ಕೆ ಅಂಟಿಕೊಂಡ ಚಪ್ಪಟೆ ಕೋಶಗಳ ಚಿಕ್ಕ ಚಿಕ್ಕ ಗುಂಪು ಕಾಣಿಸುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಆ ಬೆಳಿಗ್ಗೆ ಒಂಥರಾ ಖುಷಿಯೇ. 1973ರಲ್ಲಿ ಎರಿಕ್ ಜಾಫಿ ಮತ್ತು ಸಂಗಡಿಗರು ಈ ವಿಧಾನವನ್ನು ಪಕ್ಕಾ ಮಾಡಿ ಪ್ರಕಟಿಸಿದರು. ಇವತ್ತಿಗೂ ಲ್ಯಾಬ್‌ಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ.

ಆದರೆ ಹೊಕ್ಕುಳಬಳ್ಳಿಯದು ದೊಡ್ಡ ನಾಳ. ಗಡ್ಡೆಗೆ ನುಗ್ಗುವುದು ಲೋಮನಾಳ. ಅದರ ಕೋಶಗಳನ್ನು ಬೆಳೆಸುವುದು ತಲೆನೋವಿನ ಕೆಲಸವಾಗಿತ್ತು. ಸುತ್ತ ಬೇರೆ ಜಾತಿಯ ಕೋಶಗಳು ಬೇಗ ಬೆಳೆದು ತಟ್ಟೆ ತುಂಬಿಬಿಡುತ್ತಿದ್ದವು. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಅವನ್ನು ಕೆರೆದು ತೆಗೆಯಬೇಕು. ಲ್ಯಾಬ್‌ನವರು ಅದಕ್ಕೆ ಕಳೆ ಕೀಳುವುದು ಅಂತಲೇ ಅನ್ನುತ್ತಾರೆ, ಬೆನ್ನು ಹಿಡಿದುಕೊಳ್ಳುವುದೂ ಥೇಟ್ ಹಾಗೇ. 1979ರಲ್ಲಿ ಫೋಕ್‌ಮನ್, ಹೌಡನ್‌ಶೀಲ್ಡ್ ಮತ್ತು ಜೆಟರ್ ಲೋಮನಾಳದ ಕೋಶಗಳನ್ನು ದೀರ್ಘಕಾಲ ಬೆಳೆಸಿ ತೋರಿಸಿದರು. ಅದಕ್ಕೆ ಬೇಕಾದ ಸಾಮಾನಿನಲ್ಲಿ ಒಂದು ಜೆಲಾಟಿನ್ ಸವರಿದ ತಟ್ಟೆ. ಇನ್ನೊಂದು ಗಡ್ಡೆಯ ಎಂಜಲು. ಮುಂದಿನ ವರ್ಷ ಇಂಥ ಕೋಶಗಳು ತಟ್ಟೆಯಲ್ಲೇ ಒಂದಕ್ಕೊಂದು ಸೇರಿ ಟೊಳ್ಳು ಕೊಳವೆಗಳಾದ ಚಿತ್ರ ಪ್ರಕಟವಾಯಿತು. ಅದೇ ವರ್ಷ ಜೆಟರ್, ಗಡ್ಡೆಯ ಎಂಜಲು ತಾಗಿದರೆ ಈ ಕೋಶಗಳು ಜಾಸ್ತಿ ಓಡಾಡುತ್ತವೆ ಅಂತ ತೋರಿಸಿದರು. ಕೋಶ ಓಡಾಡಿದ ದಾರಿ ಕಾಣಲು ಚಿನ್ನದ ಸೂಕ್ಷ್ಮ ಕಣಗಳನ್ನು ಹರಡಿದ ತಳದ ಮೇಲೆ ಅವನ್ನು ಬಿಡುತ್ತಾರೆ. ಕೋಶ ಹೋದ ಕಡೆಯೆಲ್ಲ ಕಣಗಳು ಗುಡಿಸಿಹೋಗಿ ಖಾಲಿ ಹಾದಿ ಉಳಿಯುತ್ತದೆ.

ಈಗ ನಮ್ಮ ಎಡಗಡೆ ತಟ್ಟೆಗೆ ಬರೋಣ.

ಎಂಜಲು ತಯಾರಿಸುವುದು ಸುಲಭ. ಗಡ್ಡೆ ಕೋಶಗಳನ್ನು ಚೆನ್ನಾಗಿ ತೊಳೆದು, ಸೀರಮ್ ಇಲ್ಲದ ಮೀಡಿಯಂ ಹಾಕಿ, 24ರಿಂದ 48 ಗಂಟೆ ಬಿಡಿ. ಮೀಡಿಯಂ ತೆಗೆದು, ತೇಲುವ ಕೋಶ ತಳಕ್ಕೆ ಬೀಳುವ ಹಾಗೆ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಫಿಲ್ಟರ್ ಮಾಡಿ. ಅಷ್ಟೇ. ಪ್ರಶ್ನೆ ಏನೆಂದರೆ, ಇದನ್ನು ಯಾವುದಕ್ಕೆ ಹೋಲಿಸುತ್ತೀರಿ? ಹೊಸ ಮೀಡಿಯಂಗೆ ಹೋಲಿಸಿದರೆ ಅನ್ಯಾಯ. ಎಂಜಲಿನಲ್ಲಿ ಸಕ್ಕರೆ ಖರ್ಚಾಗಿದೆ, ಲ್ಯಾಕ್ಟಿಕ್ ಆಮ್ಲ ಸೇರಿದೆ. ಕೋಶ ಬೆಳೆಯದೇ ಹೋದರೆ ಅದು ಹಸಿವೋ, ತಡೆಯುವ ವಸ್ತುವೋ ಹೇಳಲಾಗದು. ಆದ್ದರಿಂದ ಪಕ್ಕದಲ್ಲಿ ಇನ್ನೊಂದು ತಟ್ಟೆ ಬೇಕು, ಗಡ್ಡೆಯಲ್ಲದ ಮಾಮೂಲಿ ಕೋಶಗಳ ಎಂಜಲು ಹಾಕಿದ್ದು. ಕೋಶವೇ ಇಲ್ಲದೆ ಅಷ್ಟೇ ಹೊತ್ತು ಇನ್‌ಕ್ಯುಬೇಟರ್‌ನಲ್ಲಿ ಕೂತಿದ್ದ ಮೀಡಿಯಂ ಹಾಕಿದ್ದು ಮತ್ತೊಂದು. ಸೀರಮ್ ವಿಷಯದಲ್ಲೂ ಹುಷಾರಾಗಿರಬೇಕು. ಸೀರಮ್ ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬಸಿದ ದ್ರವ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಬೆಳವಣಿಗೆಯ ವಸ್ತುಗಳನ್ನು ಸುರಿದುಬಿಡುತ್ತವೆ. ಹಾಗಾಗಿ ಸೀರಮ್ ಜಾಸ್ತಿಯಾದರೆ ಎಂಜಲಿನ ಪರಿಣಾಮ ಅದರಲ್ಲೇ ಮುಳುಗಿಹೋಗುತ್ತದೆ. ಪೂರ್ತಿ ತೆಗೆದರೆ ಒಳಪದರದ ಕೋಶ ಸಾಯುತ್ತದೆ.

ನನ್ನದೇ ಒಂದು ಪಜೀತಿ ಹೇಳುತ್ತೇನೆ. ಶುರುವಿನ ದಿನಗಳು. ಸಣ್ಣ ಸಣ್ಣ ಗುಳಿಗಳಿರುವ 96 ವೆಲ್‌ಗಳ ಪ್ಲೇಟ್. ಎಂಜಲು ಹಾಕಿದ್ದನ್ನೆಲ್ಲ ನಡುವಿನ ಸಾಲುಗಳಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದೆ. ಕಂಟ್ರೋಲ್‌ಗಳನ್ನು, ಅಂದರೆ ಹೋಲಿಕೆಗೆಂದು ಇಟ್ಟ ವೆಲ್‌ಗಳನ್ನು, ಸುತ್ತಲಿನ ಅಂಚಿನಲ್ಲಿ ಹಾಕಿದ್ದೆ. ನೋಡಲು ಚೆಂದ ಕಾಣಲಿ ಅಂತ, ಸುಮ್ನೆ. ನಾಲ್ಕನೇ ದಿನ ಎಣಿಸಿದಾಗ ಎಂಜಲಿನ ವೆಲ್‌ಗಳು ಕಂಟ್ರೋಲನ್ನು ಎಷ್ಟೋ ಹಿಂದೆ ಹಾಕಿದ್ದವು. ಎರಡು ಸಲ ಮಾಡಿದೆ, ಎರಡು ಸಲವೂ ಹಾಗೇ. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಮ್ಮ ಲ್ಯಾಬ್‌ನ ಹಿರಿಯರೊಬ್ಬರು ಬಂದು ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಅಂಚಿನ ವೆಲ್‌ಗಳಲ್ಲಿ ದ್ರವದ ಮಟ್ಟ ತುಸು ಕೆಳಗಿತ್ತು. "ನಿನ್ನ ಕಂಟ್ರೋಲ್ ಬಾಯಾರಿ ಸಾಯ್ತಿದೆಯಪ್ಪಾ" ಅಂದರು. ಅಂಚಿನ ವೆಲ್‌ಗಳಿಂದ ನೀರು ಬೇಗ ಆವಿಯಾಗುತ್ತದೆ, ಉಪ್ಪು ಗಟ್ಟಿಯಾಗುತ್ತದೆ, ಕೋಶ ಕುಗ್ಗುತ್ತದೆ. ನಾನು ಎಣಿಸಿದ್ದರಲ್ಲಿ ಗಡ್ಡೆಯ ಪ್ರಭಾವ ಎಷ್ಟು, ಒಣಗಿದ ಅಂಚಿನ ಪ್ರಭಾವ ಎಷ್ಟು ಅಂತ ದೇವರೇ ಹೇಳಬೇಕಿತ್ತು.

ನಾನಾದರೂ ಹೊಸಬ. ಘಟಾನುಘಟಿಗಳಿಗೂ ತಟ್ಟೆ ಮಂಕುಬೂದಿ ಎರಚಿದೆ. ಕೋಶಗಳನ್ನು ಒಂದೊಂದಾಗಿ ಎಣಿಸುವ ಬದಲು ಒಂದು ಅಡ್ಡದಾರಿ ಇದೆ. ವಿಭಜನೆಯಾಗುವ ಕೋಶ ಹೊಸ ಡಿಎನ್‌ಎ ಮಾಡಬೇಕು, ಅದಕ್ಕೆ ಥೈಮಿಡಿನ್ ಬೇಕು. ವಿಕಿರಣದ ಗುರುತು ಹಾಕಿದ ಥೈಮಿಡಿನ್ ಕೊಟ್ಟು, ಎಷ್ಟು ಒಳಗೆ ಹೋಯಿತು ಅಂತ ಅಳೆದರೆ ಆಯಿತು. ಜಾಣ ಉಪಾಯ. 1980ರ ದಶಕದಲ್ಲಿ ಪ್ಲೇಟ್‌ಲೆಟ್‌ಗಳಿಂದ ಒಂದು ಪ್ರೋಟೀನು ಸಿಕ್ಕಿತು. ಅದನ್ನು ಹಾಕಿದರೆ ಒಳಪದರದ ಕೋಶಗಳಿಗೆ ಹೋಗುವ ಥೈಮಿಡಿನ್ ಏರುತ್ತಿತ್ತು. ಒಳಪದರದ ಕೋಶಗಳ ಬೆಳವಣಿಗೆಯ ವಸ್ತು ಅಂತಲೇ ಅದಕ್ಕೆ ನಾಮಕರಣವಾಯಿತು. ಅನೇಕ ಗಡ್ಡೆಗಳಲ್ಲೂ ಅದು ಹೇರಳವಾಗಿ ಇತ್ತು. 1992ರ ಹೊತ್ತಿಗೆ ನಿಜ ಗೊತ್ತಾಯಿತು. ಅದು ಥೈಮಿಡಿನ್ ಫಾಸ್ಫೊರಿಲೇಸ್, ಅಂದರೆ ಥೈಮಿಡಿನನ್ನೇ ಒಡೆಯುವ ಕಿಣ್ವ! ಸುತ್ತಲಿದ್ದ ಸಾದಾ ಥೈಮಿಡಿನನ್ನು ಅದು ಮೊದಲೇ ಖಾಲಿ ಮಾಡಿರುತ್ತದೆ. ಆಮೇಲೆ ಕೊಟ್ಟ ಗುರುತಿನ ಥೈಮಿಡಿನನ್ನು ಕೋಶ ಗಬಗಬ ಒಳಗೆಳೆದುಕೊಳ್ಳುತ್ತದೆ. ಅಳತೆಗೋಲನ್ನೇ ತಿನ್ನುವ ವಸ್ತುವನ್ನು ಅದೇ ಅಳತೆಗೋಲಿನಿಂದ ಅಳೆದಿದ್ದರು. ಇದರಲ್ಲಿ ಇನ್ನೊಂದು ಮಜಾ ಇದೆ. ಪ್ರಾಣಿಯೊಳಗೆ ಅದು ನಿಜವಾಗಿಯೂ ರಕ್ತನಾಳಗಳನ್ನು ಬರಿಸುತ್ತದೆ. ಕೋಶಗಳ ಸಂಖ್ಯೆ ಹೆಚ್ಚಿಸಿ ಅಲ್ಲ, ಅವನ್ನು ಸೆಳೆದು. ಹೆಸರು ತಪ್ಪಾಗಿ, ಕೆಲಸ ಅರ್ಧ ಸರಿಯಾಗಿತ್ತು.

ಶುದ್ಧ ವಸ್ತುವಿನ ಹುಡುಕಾಟ ಇನ್ನೊಂದು ಕಡೆ ನಡೆದೇ ಇತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇದ್ದ ಕಡೆ ರಕ್ತನಾಳದ ಬೆಳವಣಿಗೆ ಚುರುಕಾಗುವುದು ಗೊತ್ತಿತ್ತು. ಹಾಗಾದರೆ ನಾವು ಹುಡುಕುವ ವಸ್ತು ಹೆಪಾರಿನ್‌ಗೆ ಅಂಟುತ್ತದೋ ಏನೋ? 1984ರಲ್ಲಿ ಯೂಯೆನ್ ಶಿಂಗ್, ಮೈಕೆಲ್ ಕ್ಲಾಗ್ಸ್‌ಬ್ರನ್ ಮತ್ತು ಫೋಕ್‌ಮನ್ ತಂಡ ಇಲಿಯ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಗಡ್ಡೆಯ ಸಾರವನ್ನು ಹೆಪಾರಿನ್ ಅಂಟಿಸಿದ ಮಣಿಗಳ ಮೂಲಕ ಹಾಯಿಸಿತು. ಬಹುಪಾಲು ಪ್ರೋಟೀನು ಕೊಚ್ಚಿಹೋಯಿತು. ಒಂದು ಮಾತ್ರ ಜಿಗುಟಾಗಿ ಹಿಡಿದುಕೊಂಡಿತು. ಅದನ್ನು ಬಿಡಿಸಲು ಸಮುದ್ರದ ನೀರಿಗಿಂತ ಎಷ್ಟೋ ಗಡುಸಾದ ಉಪ್ಪುನೀರು ಬೇಕಾಯಿತು. ತೂಕ ಸುಮಾರು 18,000 ಡಾಲ್ಟನ್. ಲೋಮನಾಳದ ಕೋಶಗಳನ್ನು ಅದು ಚೆನ್ನಾಗಿ ಬೆಳೆಸುತ್ತಿತ್ತು. ಇವತ್ತು ಅದನ್ನು ಬೇಸಿಕ್ ಎಫ್‌ಜಿಎಫ್ ಅನ್ನುತ್ತೇವೆ.

ಹದಿಮೂರು ವರ್ಷ ಕಾದ ಗಡ್ಡೆಯ ಗುಟ್ಟು ಕೊನೆಗೂ ಬಯಲಾಯಿತು ಅಂದುಕೊಳ್ಳುವಷ್ಟರಲ್ಲಿ ಪಕ್ಕದ ತಟ್ಟೆ ಬಾಯಿಬಿಟ್ಟಿತು. ಆರೋಗ್ಯವಂತ ಮಿದುಳು ಮತ್ತು ಪಿಟ್ಯೂಟರಿ ಗ್ರಂಥಿಯ ಸಾರದಲ್ಲೂ ಅದೇ ಪ್ರೋಟೀನು ಇತ್ತು! ಅದು ಗಡ್ಡೆಯ ಸ್ವಂತದ್ದಾಗಿರಲಿಲ್ಲ. ಇದು ಒಂದು ಸಲದ ಮಾತೂ ಅಲ್ಲ. 1983ರಲ್ಲಿ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ಗಡ್ಡೆ ಕೋಶಗಳು ಬಿಡುವ ಒಂದು ವಸ್ತುವನ್ನು ವರ್ಣಿಸಿದ್ದರು. ರಕ್ತನಾಳ ಸೋರುವಂತೆ ಮಾಡುವ ವಸ್ತು ಅದು. 1989ರಲ್ಲಿ ನೆಪೊಲಿಯೋನ್ ಫೆರಾರಾ ಹಸುವಿನ ಪಿಟ್ಯೂಟರಿ ಕೋಶಗಳ ಎಂಜಲಿನಿಂದ ಒಳಪದರದ ಕೋಶಗಳನ್ನಷ್ಟೇ ಬೆಳೆಸುವ ಪ್ರೋಟೀನು ತೆಗೆದು ವಿಇಜಿಎಫ್ ಅಂತ ಹೆಸರಿಟ್ಟರು. ಅದೇ ವರ್ಷ ಎರಡರ ಜೀನ್‌ಗಳನ್ನೂ ಓದಿ ನೋಡಿದಾಗ ಎರಡೂ ಒಂದೇ. ಒಬ್ಬರು ಗಡ್ಡೆಯ ಕಡೆಯಿಂದ, ಇನ್ನೊಬ್ಬರು ಆರೋಗ್ಯವಂತ ಗ್ರಂಥಿಯ ಕಡೆಯಿಂದ ಬಂದು ಒಂದೇ ಬಾಗಿಲು ತಟ್ಟಿದ್ದರು.

ನನ್ನ ಮಟ್ಟಿಗೆ ಇಡೀ ಕಥೆಯ ದೊಡ್ಡ ತಿರುವು ಇದು. ಗಡ್ಡೆ ಹೊಸ ಭಾಷೆ ಹುಟ್ಟಿಸಿಲ್ಲ. ಭ್ರೂಣ ಬೆಳೆಯುವಾಗ, ಗಾಯ ಮಾಯುವಾಗ ದೇಹ ಆಡುವ ಮಾತನ್ನೇ ಅದೂ ಆಡುತ್ತದೆ. ಗಾಯ ಮಾಯ್ದ ಮೇಲೆ ದೇಹ ಮಾತು ನಿಲ್ಲಿಸುತ್ತದೆ. ಗಡ್ಡೆ ನಿಲ್ಲಿಸುವುದಿಲ್ಲ.

ವಿಇಜಿಎಫ್ ಒಳಪದರದ ಕೋಶದ ಮೇಲಿರುವ ಗ್ರಾಹಕಕ್ಕೆ ಕೂರುತ್ತದೆ. ಎರಡು ಗ್ರಾಹಕಗಳು ಜೋಡಿಯಾಗಿ ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಅಲ್ಲಿಂದ ಸುದ್ದಿ ಒಬ್ಬರಿಂದೊಬ್ಬರಿಗೆ ದಾಟಿ ನ್ಯೂಕ್ಲಿಯಸ್ ಮುಟ್ಟುತ್ತದೆ, ಡಿಎನ್‌ಎ ನಕಲು ಶುರುವಾಗುತ್ತದೆ. ಇದಕ್ಕಿಂತ ನನಗೆ ಕುತೂಹಲ ಕಳಿಸುವವರ ಕಡೆಯದು. ಗಡ್ಡೆ ಕೋಶ ಯಾವಾಗ ಇದನ್ನು ಬಿಡುತ್ತದೆ? 1992ರಲ್ಲಿ ಎಲಿ ಕೆಶೆಟ್ ತಂಡ ಮಿದುಳಿನ ಗಡ್ಡೆಗಳನ್ನು ನೋಡಿತು. ವಿಇಜಿಎಫ್ ಜೋರಾಗಿ ತಯಾರಾಗುತ್ತಿದ್ದದ್ದು ಸತ್ತ ಭಾಗದ ಅಂಚಿಗೆ, ಉಸಿರು ಕಟ್ಟಿಯೂ ಇನ್ನೂ ಸಾಯದ ಕೋಶಗಳಲ್ಲಿ. ತಟ್ಟೆಯಲ್ಲೂ ಆಮ್ಲಜನಕ ಇಳಿಸಿದರೆ ವಿಇಜಿಎಫ್ ಏರುತ್ತದೆ. ಆಮ್ಲಜನಕ ಇದ್ದಾಗ ಹಿಫ್ ಅನ್ನುವ ಪ್ರೋಟೀನನ್ನು ಕೋಶ ಒಡೆದುಹಾಕುತ್ತಲೇ ಇರುತ್ತದೆ. ಇಲ್ಲದಾಗ ಅದು ಉಳಿದು ವಿಇಜಿಎಫ್ ಜೀನನ್ನು ಎಬ್ಬಿಸುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿದ ಕೇಲಿನ್, ರಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಈಗ ನಮ್ಮ ಮಾಮೂಲಿ ಇನ್‌ಕ್ಯುಬೇಟರ್ ನೆನೆಸಿಕೊಳ್ಳಿ. ಒಳಗೆ ಹೊರಗಿನಷ್ಟೇ ಧಾರಾಳ ಗಾಳಿ. ಅಲ್ಲಿ ಗಡ್ಡೆ ಕೋಶಕ್ಕೆ ಉಸಿರು ಕಟ್ಟುವ ಪ್ರಶ್ನೆಯೇ ಇಲ್ಲ. ಅಂದರೆ ಇಷ್ಟು ದಿನ ನಾವು ಹೊಟ್ಟೆ ತುಂಬಿದ ಗಡ್ಡೆಯ ಎಂಜಲು ಸಂಗ್ರಹಿಸಿ, ಹಸಿದ ಗಡ್ಡೆ ಏನು ಹೇಳುತ್ತದೆ ಅಂತ ಊಹಿಸುತ್ತಿದ್ದೆವು.

ತಟ್ಟೆಗೂ ದೇಹಕ್ಕೂ ಇರುವ ಅಂತರ ಕೆಲವೊಮ್ಮೆ ತಲೆಕೆಳಗಾಗುವಷ್ಟು. ಟಿಜಿಎಫ್ ಬೀಟಾ ಅನ್ನುವ ಪ್ರೋಟೀನು ತಟ್ಟೆಯಲ್ಲಿ ಒಳಪದರದ ಕೋಶಗಳ ಬೆಳವಣಿಗೆ ತಡೆಯುತ್ತದೆ. ಪ್ರಾಣಿಯ ಚರ್ಮದಡಿ ಚುಚ್ಚಿದರೆ ರಕ್ತನಾಳ ಬರಿಸುತ್ತದೆ. ಅದು ಬೇರೆ ಕೋಶಗಳನ್ನು ಕರೆತಂದು ಅವುಗಳಿಂದ ಕೆಲಸ ಮಾಡಿಸುತ್ತದೆ. ಬರೀ ತಟ್ಟೆ ನೋಡಿದವರು ಅದನ್ನು ಶತ್ರು ಅಂತ ಬರೆದುಕೊಳ್ಳುತ್ತಿದ್ದರು.

ಕೊನೆಯ ಚಿತ್ರ. 1993ರಲ್ಲಿ ಫೆರಾರಾ ತಂಡ ವಿಇಜಿಎಫ್ ಹಿಡಿದುಕೊಳ್ಳುವ ಆಂಟಿಬಾಡಿ ಮಾಡಿತು. ಅದನ್ನು ಮೊದಲು ತಟ್ಟೆಯಲ್ಲಿದ್ದ ಗಡ್ಡೆ ಕೋಶಗಳಿಗೆ ಹಾಕಿದರು. ಏನೂ ಆಗಲಿಲ್ಲ. ಅವು ತಮ್ಮ ಪಾಡಿಗೆ ಬೆಳೆಯುತ್ತಿದ್ದವು. ಅದೇ ಗಡ್ಡೆ ಹೊತ್ತ ಇಲಿಗಳಿಗೆ ಕೊಟ್ಟಾಗ ಗಡ್ಡೆಯ ಬೆಳವಣಿಗೆ ಕುಗ್ಗಿತು. ಏನೂ ಆಗದ ತಟ್ಟೆ ಇಲ್ಲಿ ಎಷ್ಟು ದೊಡ್ಡ ಸಾಕ್ಷಿ ನೋಡಿ. ಅದು ಇಲ್ಲದಿದ್ದರೆ ಆಂಟಿಬಾಡಿ ಗಡ್ಡೆಗೇ ವಿಷವಾಯಿತು ಅನ್ನಬಹುದಿತ್ತು. ಆ ಆಂಟಿಬಾಡಿಯನ್ನು ಮನುಷ್ಯರಿಗೆ ಹೊಂದಿಸಿದ್ದೇ ಬೆವಾಸಿಜುಮ್ಯಾಬ್ ಅನ್ನುವ ಔಷಧಿ. ಹರಡಿದ ಕರುಳಿನ ಕ್ಯಾನ್ಸರ್‌ಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೀಮೋ ಜೊತೆ ಕೊಟ್ಟಾಗ ರೋಗಿಗಳ ನಡುಮಟ್ಟದ ಆಯಸ್ಸು 15.6 ತಿಂಗಳಿಂದ 20.3 ತಿಂಗಳಿಗೆ ಏರಿತ್ತು. ಆ ನಾಲ್ಕೂಮುಕ್ಕಾಲು ತಿಂಗಳನ್ನು ಸಣ್ಣದು ಅನ್ನಲು ನನಗೆ ಬಾಯಿ ಬರುವುದಿಲ್ಲ, ಗೆದ್ದೆವು ಅನ್ನಲೂ ಬರುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ಕೊಟ್ಟಿದ್ದ ಒಪ್ಪಿಗೆಯನ್ನು 2011ರಲ್ಲಿ ಅಲ್ಲೇ ಹಿಂತೆಗೆದರು.

ಸಭೆಯಲ್ಲಿ ಒಬ್ಬರು ಕೇಳಿದರು. "ಸರ್, ವಿಇಜಿಎಫ್ ತಡೆದ ಮೇಲೂ ಗಡ್ಡೆ ಹೇಗೆ ಬದುಕುತ್ತೆ?" ಅದಕ್ಕೆ ಬೇರೆ ದಾರಿಗಳಿವೆ. ಕೆಲವು ಗಡ್ಡೆಗಳು ಎಫ್‌ಜಿಎಫ್‌ನಂಥ ಬೇರೆ ವಸ್ತುಗಳನ್ನು ಹೆಚ್ಚು ಬಿಡುತ್ತವೆ. ಕೆಲವು ಹೊಸ ರಕ್ತನಾಳದ ಗೊಡವೆಗೇ ಹೋಗದೆ ಇರುವ ನಾಳಗಳನ್ನೇ ಅಪ್ಪಿಕೊಂಡು ಹರಡುತ್ತವೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ನಿಮ್ಮ ಆ ಒಣಗಿದ ಪ್ಲೇಟ್ ಕಥೆ ಏನಾಯ್ತು?"

ಮತ್ತೆ ಮಾಡಿದೆ. ಈ ಸಲ ಅಂಚಿನ ವೆಲ್‌ಗಳಿಗೆ ಬರೀ ನೀರು ತುಂಬಿಸಿ, ಕಂಟ್ರೋಲ್‌ಗಳನ್ನು ಎಂಜಲಿನ ಮಗ್ಗುಲಲ್ಲೇ ನಡುವೆ ಹಾಕಿದೆ. ಎಂಜಲು ಹಾಕಿದ ಕೋಶಗಳು ಆಗಲೂ ಜಾಸ್ತಿಯೇ ಬೆಳೆದವು. ಆದರೆ ಮೊದಲು ಕಂಡಿದ್ದ ವ್ಯತ್ಯಾಸದಲ್ಲಿ ಅರ್ಧವೂ ಉಳಿದಿರಲಿಲ್ಲ. ಹಳೇ ಪುಟವನ್ನು ಹರಿಯಲಿಲ್ಲ. ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಅಂಚು ಒಣಗಿದೆ" ಅಂತ ಬರೆದು, ಹೊಸ ಲೆಕ್ಕವನ್ನು ಮುಂದಿನ ಪುಟದಲ್ಲಿ ಬರೆದುಕೊಂಡೆ.